ಹವಳದ ದಿಬ್ಬದ ಮೀನೂ ಒಂದು ಅರಬ್ಬೀ ಹೆಸರೂ

ಮಧುಗಿರಿ, ಸಿರಾ, ಪಾವಗಡಗಳ ಕಡೆಯವರಾದ ನಮಗೆ ಮೀನೆಂದರೆ ಕೆರೆಯ ಮೀನು. ಮಳೆ ತಪ್ಪಿದ ವರ್ಷ ಅದೂ ಅಪರೂಪ. ಆದರೂ ಕಡಲಿನ ಒಂದು ಪುಟ್ಟ ಮೀನಿನ ಚರಿತ್ರೆಯು ಕೇಳತಕ್ಕದ್ದಾಗಿದೆ.

ಉಷ್ಣವಲಯದ ಹವಳದ ದಿಬ್ಬಗಳಲ್ಲಿ ಬಾಳುವ ಈ ಮೀನನ್ನು ಇಂಗ್ಲಿಷಿನವರು ‘ಡ್ಯಾಮ್ಸೆಲ್’, ಎಂದರೆ ಕನ್ಯೆ, ಎಂದು ಕರೆಯುವರು. ಈ ವಂಶದಲ್ಲಿ 400ಕ್ಕೂ ಹೆಚ್ಚು ಜಾತಿಗಳಿವೆ. ಹಲವು ಗೇಣುದ್ದವೂ ಬೆಳೆಯವು. ಕೆಲವು ಅಚ್ಚನೀಲಿ, ಕೆಲವು ಹಳದಿ. ಕೆಲವಕ್ಕೆ ಮೈಮೇಲೆ ಕಪ್ಪು ಪಟ್ಟೆಗಳು. ಹೆಸರು ಕನ್ಯೆಯಾದರೂ ಸ್ವಭಾವ ಸೌಮ್ಯವಲ್ಲ. ಬಂಡೆಗಂಟಿದ ಮೊಟ್ಟೆಗಳನ್ನು ಗಂಡು ಮೀನು ಕಾಯುವುದು. ರೆಕ್ಕೆಯಿಂದ ನೀರು ಬೀಸುವುದು. ತನಗಿಂತ ಎಷ್ಟೋ ದೊಡ್ಡ ಪ್ರಾಣಿ ಬಂದರೂ ಅಟ್ಟಿಕೊಂಡು ಹೋಗುವುದು.

ಪಟ್ಟೆಯುಳ್ಳ ಜಾತಿಗಳ ಶಾಸ್ತ್ರೀಯ ನಾಮ ‘ಅಬುದೆಫ್‌ದುಫ್’. ಇದು ಲ್ಯಾಟಿನ್ನೂ ಅಲ್ಲ, ಗ್ರೀಕೂ ಅಲ್ಲ, ಅರಬ್ಬೀ. ಹೀಗಾದುದು ಹೇಗೆ? 1761ರ ಜನವರಿಯಲ್ಲಿ ಡೆನ್ಮಾರ್ಕಿನ ದೊರೆ ಐದನೆಯ ಫ್ರೆಡರಿಕನು ಅರೇಬಿಯಕ್ಕೆ ಆರು ಜನರ ತಂಡವೊಂದನ್ನು ಕಳುಹಿಸಿದನು. ಅದರಲ್ಲಿ ಲಿನೇಯಸನ ಶಿಷ್ಯನಾದ ಪೀಟರ್ ಫೋರ್ಸ್ಕಾಲನೂ ಇದ್ದನು. ಅರಬ್ಬೀ ಬಲ್ಲ ಈ ತರುಣನು ಕೆಂಪು ಸಮುದ್ರದ ಕರೆಯಲ್ಲಿ ಮೀನುಗಳನ್ನು ಸಂಗ್ರಹಿಸಿ, ಅಲ್ಲಿಯ ಜನ ಅವಕ್ಕೆ ಹೇಳುತ್ತಿದ್ದ ಹೆಸರುಗಳನ್ನೂ ಬರೆದುಕೊಂಡನು. ಸಸ್ಯಗಳನ್ನು ಒಣಗಿಸುವಂತೆ ಮೀನಿನ ಅರ್ಧ ಚರ್ಮವನ್ನು ಒತ್ತಿ ಕಾಗದಕ್ಕೆ ಅಂಟಿಸಿದನು. 1763ರ ಜುಲೈಯಲ್ಲಿ ಯೆಮೆನ್ನಿನ ಯಾರಿಮ್ ಎಂಬಲ್ಲಿ ಮಲೇರಿಯದಿಂದ ತೀರಿಕೊಂಡನು. ಆಗ ವಯಸ್ಸು 31. ಮುಂಬಯಿಗೆ ಹೊರಟ ಹಡಗಿನಲ್ಲಿ ಇನ್ನಿಬ್ಬರು ಮಡಿದರು, ಮುಂಬಯಿಯಲ್ಲಿ ಮತ್ತೊಬ್ಬನು. ಹಿಂದಿರುಗಿದವನು ಕಾರ್ಸ್ಟನ್ ನೀಬೂರ್ ಒಬ್ಬನೇ. ಅವನು 1775ರಲ್ಲಿ ಗೆಳೆಯನ ಬರಹವನ್ನು ಅಚ್ಚು ಹಾಕಿಸಿದನು. ಕಡಲ ಕರೆಯವರ ಮಾತು ಹೀಗೆ ಶಾಸ್ತ್ರಕ್ಕೆ ಸೇರಿತು.

ಆ ಚರ್ಮಗಳು ಇಂದಿಗೂ ಕೋಪನ್‌ಹೇಗನ್ನಿನಲ್ಲಿವೆ. ಆಕಾರವಿದೆ, ಹುರುಪೆಯಿದೆ, ಜೀವಂತ ಮೀನಿನ ಬಣ್ಣ ಮಾತ್ರ ಇಲ್ಲ. ಅದನ್ನು ಕಾಣಬೇಕಾದರೆ ಹವಳದ ದಿಬ್ಬಕ್ಕೇ ಹೋಗಬೇಕು. ನಮ್ಮ ನಾಡಿನವರು ಬಹು ದೂರ ಹೋಗಬೇಕಾಗಿಲ್ಲ: ಮುರುಡೇಶ್ವರದಿಂದ ಸುಮಾರು ಹತ್ತು ನಾವಿಕ ಮೈಲಿಗಳಾಚೆ ನೇತ್ರಾಣಿ ದ್ವೀಪವಿದೆ. ಅಲ್ಲಿಯ ಹವಳಗಳ ನಡುವೆ ಪಟ್ಟೆಯ ಕನ್ಯೆಮೀನುಗಳು ಹಿಂಡುಗಟ್ಟಿ ಸುಳಿಯುವುವು.

ಆದರೆ ಕಡಲು ಮಿತಿಮೀರಿ ಬಿಸಿಯಾದರೆ ಹವಳವು ತನ್ನೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಚುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. ಹವಳ ಸತ್ತರೆ ಅದರ ಸಂದಿಗಳನ್ನು ಮನೆಮಾಡಿಕೊಂಡ ಮೀನಿಗೆ ನೆಲೆಯಿಲ್ಲ. ಫೋರ್ಸ್ಕಾಲನು ಪ್ರಾಣ ತೆತ್ತು ಹೆಸರನ್ನೂ ಚರ್ಮವನ್ನೂ ಉಳಿಸಿಕೊಟ್ಟನು. ಬಣ್ಣವನ್ನು ಉಳಿಸುವ ಕೆಲಸವು ಯಾವ ವಸ್ತುಸಂಗ್ರಹಾಲಯದಿಂದಲೂ ಆಗದು. ಅದು ನೇತ್ರಾಣಿಯ ನೀರಿನಲ್ಲಿಯೇ ಆಗಬೇಕು.