ರೈಲು ವೇಳಾಪಟ್ಟಿಯ ಎಸ್‌ಎಂಎಸ್ ಸೇವೆ: ಸಿಂಧನೂರು, ಲಿಂಗಸುಗೂರು, ಮಸ್ಕಿ

ರೈಲು ಹೊರಡುವ ಮತ್ತು ತಲುಪುವ ಸಮಯ, ಓಡುತ್ತಿರುವ ಗಾಡಿ ಎಲ್ಲಿದೆ ಎಂಬ ಮಾಹಿತಿ, ಕಾಯ್ದಿರಿಸಿದ ಟಿಕೆಟ್ಟಿನ ಸ್ಥಿತಿ ಇವನ್ನೆಲ್ಲ ಮೊಬೈಲ್ ಫೋನಿನ ಕಿರುಸಂದೇಶದಿಂದ ಕೇಳಿ ತಿಳಿಯುವ ವ್ಯವಸ್ಥೆ. ಭಾರತದಲ್ಲಿ ಇದು 2007ರಲ್ಲಿ ಆರಂಭವಾದ 139 ಸಂಖ್ಯೆಯ ರೈಲು ವಿಚಾರಣಾ ಸೇವೆಯೊಂದಿಗೆ ನೆಲೆಗೊಂಡಿತು. ಸ್ಮಾರ್ಟ್‌ಫೋನ್ ಮತ್ತು ಅಗ್ಗದ ಇಂಟರ್ನೆಟ್ ಬರುವವರೆಗೆ, ಅಂದರೆ ಹೆಚ್ಚುಕಡಿಮೆ ಒಂದು ದಶಕ, ಜನಸಾಮಾನ್ಯರ ಕೈಯಲ್ಲಿದ್ದ ಮುಖ್ಯ ವೇಳಾಪಟ್ಟಿ ಇದೇ ಆಗಿತ್ತು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಮಟ್ಟಿಗೆ ಈ ಸೇವೆಯ ಚರಿತ್ರೆಗೆ ವಿಶೇಷ ತೂಕವಿದೆ. ಆ ದಶಕದುದ್ದಕ್ಕೂ ಈ ಮೂರು ಊರುಗಳಲ್ಲಿ ಒಂದರಲ್ಲೂ ರೈಲು ನಿಲ್ದಾಣ ಇರಲಿಲ್ಲ. ನಿಲ್ದಾಣ ಇಲ್ಲದ ಊರಿನವರಿಗೇ ವೇಳಾಪಟ್ಟಿ ಹೆಚ್ಚು ಬೇಕಾಗುತ್ತದೆ ಎಂಬುದಕ್ಕೆ ಈ ಸೀಮೆ ಒಳ್ಳೆಯ ಸಾಕ್ಷಿ.

ಹಳಿ ಇಲ್ಲದ ಸೀಮೆ

ಮೂರೂ ಊರುಗಳು ಈಗಿನ 150ಎ ರಾಷ್ಟ್ರೀಯ ಹೆದ್ದಾರಿಯ ಮೇಲೆ ಸಾಲಾಗಿವೆ: ಮೇಲ್ಗಡೆ ಲಿಂಗಸುಗೂರು, ನಡುವೆ ಮಸ್ಕಿ, ಕೆಳಗಡೆ ಸಿಂಧನೂರು. ಲಿಂಗಸುಗೂರು ನಿಜಾಮರ ಕಾಲದಲ್ಲಿ ಸೈನ್ಯದ ಛಾವಣಿಯಿದ್ದ ಊರು, 1905ರವರೆಗೆ ಜಿಲ್ಲಾ ಕೇಂದ್ರ. ಹಟ್ಟಿಯ ಚಿನ್ನದ ಗಣಿ, ಮುದಗಲ್ಲಿನ ಕೋಟೆ ಇದೇ ತಾಲ್ಲೂಕಿನವು. ಮಸ್ಕಿ 1915ರಲ್ಲಿ ಸಿಕ್ಕ ಅಶೋಕನ ಶಾಸನದಿಂದ ದೇಶಕ್ಕೆಲ್ಲ ಪರಿಚಿತ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬತ್ತದ ಕಣಜವಾದ ಪೇಟೆ. ಇಷ್ಟೆಲ್ಲ ಇದ್ದರೂ ರೈಲು ಮಾತ್ರ ಇವನ್ನು ಮುಟ್ಟಲಿಲ್ಲ.

ರೈಲು ಹತ್ತಿರದಲ್ಲೇ ಹಾದುಹೋಗಿತ್ತು. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದರಾಸು ಕಡೆಯಿಂದ ಬಂದ ಮದ್ರಾಸ್ ರೈಲ್ವೆ ಇವೆರಡರ ಹಳಿಗಳು 1871ರಲ್ಲಿ ಕೂಡಿಕೊಂಡದ್ದು ರಾಯಚೂರಿನಲ್ಲಿಯೇ. ದಕ್ಷಿಣಕ್ಕೆ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗಗಳನ್ನು ಜೋಡಿಸುವ ಇನ್ನೊಂದು ಹಳಿಯೂ 19ನೇ ಶತಮಾನದಲ್ಲೇ ಬಂತು. ಎರಡೂ ಮಾರ್ಗಗಳ ನಡುವಿನ ನೆಲದಲ್ಲಿ ಈ ಮೂರು ಊರುಗಳು ಉಳಿದುಬಿಟ್ಟವು. ಸಿಂಧನೂರಿನಿಂದಾಗಲಿ ಲಿಂಗಸುಗೂರಿನಿಂದಾಗಲಿ ರಾಯಚೂರು ನಿಲ್ದಾಣ 80–90 ಕಿ.ಮೀ. ಆಸುಪಾಸು, ಬಸ್ಸಿನಲ್ಲಿ ಎರಡು ತಾಸಿಗೆ ಕಡಿಮೆಯಿಲ್ಲದ ದಾರಿ.

ರೈಲು ಇಲ್ಲದಿದ್ದರೂ ರೈಲಿನ ಅಗತ್ಯ ಬೇಕಾದಷ್ಟಿತ್ತು. ಮಳೆ ಕೈಕೊಟ್ಟ ವರ್ಷ ಮಸ್ಕಿ, ಲಿಂಗಸುಗೂರು ಕಡೆಯ ಒಣಬೇಸಾಯದ ಹಳ್ಳಿಗಳಿಂದ ಬೆಂಗಳೂರು, ಮುಂಬಯಿ, ಪುಣೆಗಳಿಗೆ ಗುಳೆ ಹೋಗುವವರು ಬಹಳ. ಸಿಂಧನೂರಿನ ಸುತ್ತಲ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದು ನೆಲೆಸಿದ ಬಂಗಾಳಿ ಕುಟುಂಬಗಳಿವೆ. ಅವರ ನಂಟು ದೂರದ ಬಂಗಾಳದವರೆಗೆ ಚಾಚಿದೆ. ಕಾಲುವೆ ನೀರನ್ನು ನಂಬಿ ಆಂಧ್ರದಿಂದ ಬಂದು ಗದ್ದೆ ಮಾಡಿದವರ ಬಂಧುಬಳಗ ಕರಾವಳಿ ಜಿಲ್ಲೆಗಳಲ್ಲಿದೆ. ಇವರೆಲ್ಲರೂ ಮೊದಲು ಬಸ್ಸು ಹಿಡಿದು, ಆಮೇಲೆ ರೈಲು ಹತ್ತಬೇಕಾದವರು. ಬಸ್ಸು ಹಿಡಿಯುವ ಮುಂಚೆಯೇ ಗಾಡಿಯ ಸಮಯ ತಿಳಿದರೆ ಮಾತ್ರ ಪಯಣ ಸುಸೂತ್ರ. ಇಲ್ಲವಾದರೆ ಮಕ್ಕಳುಮರಿ, ಗಂಟುಮೂಟೆಗಳೊಂದಿಗೆ ಪ್ಲಾಟ್‌ಫಾರಂ ಮೇಲೆ ರಾತ್ರಿ ಕಳೆಯಬೇಕು.

ಸಂದೇಶಕ್ಕೆ ಮುಂಚೆ

ಅಚ್ಚಾದ ವೇಳಾಪಟ್ಟಿ ಪುಸ್ತಕಗಳು ನಿಲ್ದಾಣದ ಪುಸ್ತಕದಂಗಡಿಯಲ್ಲಿ ಸಿಗುತ್ತಿದ್ದವು. ನಿಲ್ದಾಣವೇ ಇಲ್ಲದ ಊರಿನಲ್ಲಿ ಅವನ್ನು ಹುಡುಕುವುದು ಕಷ್ಟ. ಇನ್ನೊಂದು ತೊಡಕೂ ಇತ್ತು. ರಾಯಚೂರು ದಕ್ಷಿಣ ಮಧ್ಯ ರೈಲ್ವೆಯ ಗುಂತಕಲ್ ವಿಭಾಗದಲ್ಲಿತ್ತು. ಕೊಪ್ಪಳ, ಹೊಸಪೇಟೆಗಳು 2003ರ ಏಪ್ರಿಲ್ 1ರಿಂದ ಹುಬ್ಬಳ್ಳಿ ಕೇಂದ್ರದ ನೈಋತ್ಯ ರೈಲ್ವೆಗೆ ಸೇರಿದವು. ವಲಯಕ್ಕೊಂದು ಪುಸ್ತಕವಾದ್ದರಿಂದ, ಸಿಂಧನೂರಿನವರು ತಮಗೆ ಒದಗುವ ಗಾಡಿಗಳನ್ನೆಲ್ಲ ತಿಳಿಯಲು ಎರಡು ಪುಸ್ತಕ ನೋಡಬೇಕಿತ್ತು. ನಿಲ್ದಾಣದ ವಿಚಾರಣೆ ಕಿಟಕಿಗೆ 131 ಎಂಬ ಸ್ಥಳೀಯ ದೂರವಾಣಿ ಸಂಖ್ಯೆ ಇತ್ತಾದರೂ, ಹೊರ ಊರಿನವರು ಎಸ್‌ಟಿಡಿ ಬೂತಿಗೆ ಹೋಗಿ ಕಾಸು ಕೊಟ್ಟು ಮಾತಾಡಬೇಕಿತ್ತು, ಆ ಕಡೆ ಫೋನು ಎತ್ತುವವರೆಗೆ ಕಾಯಬೇಕಿತ್ತು. ಹೀಗಾಗಿ ಬಹುಪಾಲು ಜನ ನಂಬಿದ್ದು ಹೋಗಿ ಬಂದವರ ಮಾತನ್ನೇ.

ಕಿರುಸಂದೇಶದ ಏರ್ಪಾಡು

ಜಗತ್ತಿನ ಮೊದಲ ಎಸ್‌ಎಂಎಸ್ 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಹೋಯಿತು. ಕಳಿಸಿದವರು ನೀಲ್ ಪ್ಯಾಪ್‌ವರ್ತ್ ಎಂಬ ಎಂಜಿನಿಯರ್. ಭಾರತದಲ್ಲಿ ಮೊಬೈಲ್ ಮಾತುಕತೆ 1995ರ ಜುಲೈ 31ರಂದು ಶುರುವಾಯಿತು. ಸಣ್ಣ ಪೇಟೆಗಳಿಗೆ ಅದು ಹರಡಿದ್ದು ಬಿಎಸ್‌ಎನ್‌ಎಲ್ ತನ್ನ ಸೆಲ್‌ಒನ್ ಸೇವೆಯನ್ನು 2002ರ ಅಕ್ಟೋಬರಿನಲ್ಲಿ ಆರಂಭಿಸಿದ ಮೇಲೆ. 2003ರಲ್ಲಿ ಬಂದ, ಟಾರ್ಚ್ ಇದ್ದ ನೋಕಿಯಾ 1100ರಂಥ ಗಟ್ಟಿಮುಟ್ಟಾದ ಫೋನುಗಳು ಹಳ್ಳಿಯ ಅಂಗಿ ಜೇಬಿಗೂ ಇಳಿದವು. ಆ ಫೋನುಗಳಲ್ಲಿ ಇಂಟರ್ನೆಟ್ ಇರಲಿಲ್ಲ, ಸಂದೇಶ ಇತ್ತು.

ರೈಲ್ವೆಯ ಕಡೆಯಲ್ಲೂ ಅಷ್ಟು ಹೊತ್ತಿಗೆ ಹದವಾದ ನೆಲ ಸಿದ್ಧವಾಗಿತ್ತು. 1980ರ ದಶಕದ ನಡುವಿನಲ್ಲಿ ದೆಹಲಿಯಲ್ಲಿ ಆರಂಭವಾದ ಗಣಕೀಕೃತ ಟಿಕೆಟ್ ಕಾಯ್ದಿರಿಸುವಿಕೆ 1999ರ ಹೊತ್ತಿಗೆ ದೇಶದ ಕೇಂದ್ರಗಳನ್ನೆಲ್ಲ ಒಂದೇ ಜಾಲಕ್ಕೆ ತಂದಿತ್ತು. ಗಾಡಿಗಳ ಓಟವನ್ನು ದಾಖಲಿಸುವ ರಾಷ್ಟ್ರೀಯ ರೈಲು ವಿಚಾರಣಾ ವ್ಯವಸ್ಥೆಯೂ ಇತ್ತು. ಮಾಹಿತಿ ಎಲ್ಲವೂ ರೈಲ್ವೆ ಮಾಹಿತಿ ವ್ಯವಸ್ಥೆಗಳ ಕೇಂದ್ರವಾದ ಕ್ರಿಸ್‌ನ ಗಣಕಗಳಲ್ಲಿತ್ತು. ಅದನ್ನು ಊರಿಗೆ ಮುಟ್ಟಿಸುವ ದಾರಿಯೊಂದು ಬೇಕಿತ್ತು. 2007ರಲ್ಲಿ ಬಂದ 139 ಆ ದಾರಿಯಾಯಿತು. ದೇಶದ ಯಾವ ಮೂಲೆಯಿಂದಲೂ ಒಂದೇ ಸಂಖ್ಯೆ. ಕರೆ ಮಾಡಿ ಕೇಳಬಹುದು, ಸಂದೇಶ ಕಳಿಸಿಯೂ ಕೇಳಬಹುದು.

ಸಂದೇಶ ಕೇಳುವುದಕ್ಕೆ ಕಟ್ಟಳೆ ಇತ್ತು. ‘ಟೈಮ್’ ಎಂದು ಬರೆದು ಗಾಡಿಯ ಸಂಖ್ಯೆ ಹಾಕಿದರೆ ವೇಳಾಪಟ್ಟಿ ಬರುತ್ತಿತ್ತು. ‘ಸ್ಪಾಟ್’ ಎಂದು ಬರೆದರೆ ಗಾಡಿ ಈಗ ಎಲ್ಲಿದೆ ಎಂಬುದು. ‘ಪಿಎನ್‌ಆರ್’ ಎಂದು ಬರೆದು ಟಿಕೆಟ್ಟಿನ ಮೇಲಿನ 10 ಅಂಕಿಗಳನ್ನು ಹಾಕಿದರೆ ಸೀಟು ಖಾತ್ರಿಯಾಯಿತೋ ಇಲ್ಲವೋ ಎಂಬುದು. ‘ಎಡಿ’ ಎಂದು ಬರೆದು ಗಾಡಿಯ ಸಂಖ್ಯೆಯನ್ನೂ ನಿಲ್ದಾಣವಿರುವ ಊರಿನ ಎಸ್‌ಟಿಡಿ ಸಂಖ್ಯೆಯನ್ನೂ ಕೊಟ್ಟರೆ ಆ ನಿಲ್ದಾಣಕ್ಕೆ ಗಾಡಿ ಬರುವ, ಹೊರಡುವ ಸಮಯ. ಸೀಟಿನ ಲಭ್ಯತೆ, ದರ ಇವಕ್ಕೂ ಇಂಥದೇ ಸೂತ್ರಗಳು. ಅವು ಉದ್ದ, ದಿನಾಂಕ, ದರ್ಜೆ ಎಲ್ಲ ಸೇರಿಸಬೇಕಾದ್ದರಿಂದ ಒಂದು ಅಕ್ಷರ ತಪ್ಪಿದರೂ ಕೆಲಸ ಕೆಡುತ್ತಿತ್ತು.

ಎಸ್‌ಟಿಡಿ ಸಂಖ್ಯೆಯನ್ನು ನಿಲ್ದಾಣದ ಗುರುತಾಗಿ ತೆಗೆದುಕೊಂಡದ್ದು ಜಾಣತನ. ರೈಲ್ವೆಯವರ ಒಳಗಿನ ಅಕ್ಷರ ಸಂಕೇತಗಳು ಜನಕ್ಕೆ ಗೊತ್ತಿರಲಿಲ್ಲ. ಎಸ್‌ಟಿಡಿ ಸಂಖ್ಯೆ ಪ್ರತಿ ಬೂತಿನ ಗೋಡೆಯ ಮೇಲೂ ಬರೆದಿರುತ್ತಿತ್ತು. ಆದರೆ ಸಿಂಧನೂರಿನ 08535, ಲಿಂಗಸುಗೂರಿನ 08537 ಎರಡೂ ಇಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ, ಆ ಊರುಗಳಲ್ಲಿ ಆಗ ನಿಲ್ದಾಣವೇ ಇರಲಿಲ್ಲವಲ್ಲ. ಈ ಸೀಮೆಯವರಿಗೆ ಬೇಕಾದದ್ದು ರಾಯಚೂರಿನ 08532, ಇಲ್ಲವೆ ಹೊಸಪೇಟೆಯ 08394. ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ರಾಯಚೂರಿಗೆ ಎಷ್ಟು ಹೊತ್ತಿಗೆ ಎಂದು ತಿಳಿಯಲು ‘ಎಡಿ 12627 08532’ ಎಂದು ಬರೆದು 139ಕ್ಕೆ ಕಳಿಸಿದರಾಯಿತು.

ಅದೇ ಗಾಡಿಯ ಸಂಖ್ಯೆ ಮೊದಲು 2627 ಆಗಿತ್ತು. 2010ರ ಡಿಸೆಂಬರ್ 20ರಿಂದ ರೈಲ್ವೆ ತನ್ನ ಗಾಡಿಗಳಿಗೆಲ್ಲ ಐದಂಕಿಯ ಸಂಖ್ಯೆ ಕೊಟ್ಟಿತು. ಎಕ್ಸ್‌ಪ್ರೆಸ್ ಗಾಡಿಗಳ ಹಳೆಯ ನಾಲ್ಕಂಕಿಯ ಮೊದಲಿಗೆ 1 ಸೇರಿಕೊಂಡಿತು. ವರ್ಷಗಟ್ಟಲೆ ಬಾಯಿಪಾಠವಾಗಿದ್ದ ಸಂಖ್ಯೆಗಳನ್ನು, ಫೋನಿನಲ್ಲಿ ಉಳಿಸಿಟ್ಟುಕೊಂಡ ಸಂದೇಶಗಳನ್ನು ಜನ ತಿದ್ದಿಕೊಳ್ಳಬೇಕಾಯಿತು.

ಸಂದೇಶ ಪುಕ್ಕಟೆಯೇನೂ ಆಗಿರಲಿಲ್ಲ. ಸಾಮಾನ್ಯ ಎಸ್‌ಎಂಎಸ್ಸಿನ ರಿಯಾಯಿತಿ ಪ್ಯಾಕುಗಳು 139ಕ್ಕೆ ಅನ್ವಯಿಸುತ್ತಿರಲಿಲ್ಲ. ಒಂದಕ್ಕೆ 3 ರೂಪಾಯಿಯ ವಿಶೇಷ ದರ. ಹತ್ತು ರೂಪಾಯಿ ಕರೆನ್ಸಿ ಹಾಕಿಸಿಕೊಂಡು ವಾರ ತೂಗಿಸುತ್ತಿದ್ದ ಕೂಲಿಕಾರನಿಗೆ ಅದು ಸಣ್ಣ ಮೊತ್ತವಲ್ಲ. ಆದರೂ ರಾಯಚೂರಿಗೆ ಹೋಗಿಬರುವ ಬಸ್ಸಿನ ಖರ್ಚಿನ ಎದುರು, ನಿಲ್ದಾಣದಲ್ಲಿ ವ್ಯರ್ಥವಾಗುವ ಒಂದು ದಿನದ ಕೂಲಿಯ ಎದುರು, 3 ರೂಪಾಯಿ ಉಳಿತಾಯವೇ ಸರಿ.

ಕನ್ನಡದ ಕೊರತೆ

ಈ ಸೇವೆಯ ದೊಡ್ಡ ಲೋಪ ಭಾಷೆಯದು. ಕೇಳಬೇಕಾದದ್ದು ಇಂಗ್ಲಿಷ್ ಅಕ್ಷರಗಳಲ್ಲಿ, ಬರುವ ಉತ್ತರವೂ ಇಂಗ್ಲಿಷಿನಲ್ಲಿ, ಅದೂ ಮೊಟಕು ಮಾಡಿದ ಇಂಗ್ಲಿಷಿನಲ್ಲಿ. ಇದಕ್ಕೆ ತಾಂತ್ರಿಕ ಕಾರಣವೂ ಉಂಟು. ಒಂದು ಎಸ್‌ಎಂಎಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸುತ್ತದೆ. ಕನ್ನಡ ಲಿಪಿಗೆ ಯೂನಿಕೋಡ್ ಬೇಕಾದ್ದರಿಂದ 70 ಮಾತ್ರ. ಕನ್ನಡದ ಒತ್ತು, ಗುಣಿತಗಳೂ ಅದರಲ್ಲಿ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ಹಾಗಾಗಿ ‘ಸಿಂಧನೂರು’ ಎಂಬ ಒಂದೇ ಹೆಸರು ಎಂಟು ಜಾಗ ತಿನ್ನುತ್ತದೆ. ಆಗಿನ ಎಷ್ಟೋ ಫೋನುಗಳಲ್ಲಿ ಕನ್ನಡ ಸಂದೇಶ ಬಂದರೆ ಬರೀ ಚೌಕುಳಿಗಳು ಕಾಣುತ್ತಿದ್ದವು. ಭಾರತದಲ್ಲಿ ಮಾರುವ ಪ್ರತಿ ಫೋನಿನಲ್ಲೂ ದೇಶಭಾಷೆಗಳ ಸಂದೇಶ ಓದುವಂತಿರಬೇಕು ಎಂದು ಕೇಂದ್ರ ಸರ್ಕಾರ ಕಟ್ಟುನಿಟ್ಟಿನ ಆದೇಶ ಮಾಡಿದ್ದು 2016ರಲ್ಲಿ. ಅಷ್ಟರಲ್ಲಿ ಕಿರುಸಂದೇಶದ ಸುಗ್ಗಿ ಮುಗಿಯುತ್ತ ಬಂದಿತ್ತು.

ಕಾರಣ ಏನೇ ಇರಲಿ, ಫಲ ಒಂದೇ: ಯಾರಿಗೆ ಈ ಸೇವೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಆ ಗುಳೆ ಹೋಗುವ ಕುಟುಂಬ ಅದನ್ನು ನೇರವಾಗಿ ಬಳಸಲಾರದೆ ಹೋಯಿತು. ಶಾಲೆಗೆ ಹೋಗುವ ಮಗನನ್ನೋ ಕರೆನ್ಸಿ ಅಂಗಡಿಯವನನ್ನೋ ‘ಗಾಡಿ ಎಷ್ಟೊತ್ತಿಗೈತಿ ನೋಡಪ’ ಎಂದು ಕೇಳಬೇಕು. ಹಾಗೆ ಓದಿ ಹೇಳುವವರಿಗೂ ಒಂದು ಎಚ್ಚರ ಬೇಕಿತ್ತು. ಉತ್ತರ 24 ತಾಸಿನ ಗಡಿಯಾರದ ಲೆಕ್ಕದಲ್ಲಿ ಬರುತ್ತದೆ. ನಡುರಾತ್ರಿ ದಾಟಿದ ಮೇಲಿನ ಗಾಡಿ ಎಂದರೆ ರೈಲ್ವೆಯ ಲೆಕ್ಕದಲ್ಲಿ ಮರುದಿನದ ಗಾಡಿ. ನಮ್ಮ ಹಳ್ಳಿಗಳ ರೂಢಿಯಲ್ಲಿ ಬೆಳಗಾಗುವ ತನಕ ಅದು ಅದೇ ದಿನದ ರಾತ್ರಿ. ಸೋಮವಾರ ರಾತ್ರಿ ಊಟ ಮಾಡಿ ಹೊರಟು ಹತ್ತುವ ಗಾಡಿಯ ಟಿಕೆಟ್ಟಿನ ಮೇಲೆ ಮಂಗಳವಾರದ ತಾರೀಖು ಇರಬೇಕು. ಇದನ್ನು ತಿಳಿಯದೆ ಒಂದು ದಿನ ತಡವಾಗಿ ನಿಲ್ದಾಣ ಮುಟ್ಟುವುದು ಈಗಲೂ ನಡೆಯುವ ಅನಾಹುತ.

ಭಾಷೆಯ ಮಟ್ಟಿಗೆ 139ರ ಧ್ವನಿ ಸೇವೆ ಸಂದೇಶ ಸೇವೆಗಿಂತ ಉತ್ತಮ. ಅದು 12 ಭಾಷೆಗಳಲ್ಲಿ ಸಿಗುತ್ತದೆ.

ಬೆಳವಣಿಗೆ, ಇಳಿಗಾಲ

ಕೇಳಿದರೆ ಮಾತ್ರ ಉತ್ತರ ಕೊಡುತ್ತಿದ್ದ ಸಂದೇಶ ಬರಬರುತ್ತ ತಾನಾಗಿ ಬರತೊಡಗಿತು. 2012ರಲ್ಲಿ ರೈಲ್ವೆಯ ಆನ್‌ಲೈನ್ ಟಿಕೆಟ್ ಸಂಸ್ಥೆಯಾದ ಐಆರ್‌ಸಿಟಿಸಿ ಕಳಿಸಿದ ಟಿಕೆಟ್ಟಿನ ಸಂದೇಶವನ್ನೇ, ಗುರುತಿನ ಚೀಟಿಯೊಂದಿಗೆ ತೋರಿಸಿದರೆ, ಪ್ರಯಾಣದ ದಾಖಲೆಯೆಂದು ರೈಲ್ವೆ ಒಪ್ಪಿತು. ಅಚ್ಚು ಹಾಕಿಸಲು ಪೇಟೆಗೆ ಹೋಗಬೇಕಾದ ಹಳ್ಳಿಗರಿಗೆ ಇದು ದೊಡ್ಡ ಅನುಕೂಲ. 2013ರಲ್ಲಿ ಸಂದೇಶದಿಂದಲೇ ಟಿಕೆಟ್ ಕೊಳ್ಳುವ ಏರ್ಪಾಡು ಬಂತು. ಬ್ಯಾಂಕಿನ ನೋಂದಣಿ, ಗುಪ್ತ ಸಂಖ್ಯೆಗಳ ಕಟ್ಟುಪಾಡು ಹೆಚ್ಚಾಗಿ ಅದು ಬೇರು ಬಿಡಲಿಲ್ಲ. ಬೆಂಗಳೂರಿನಿಂದ ನಡೆಯುತ್ತಿದ್ದ ಟೆಕ್ಸ್ಟ್‌ವೆಬ್‌ನಂಥ ಖಾಸಗಿ ಸೇವೆಗಳೂ ಕೆಲಕಾಲ ಸಾಮಾನ್ಯ ಫೋನಿಗೆ ಸಂದೇಶದ ಮೂಲಕ ಇಂಟರ್ನೆಟ್ಟಿನ ಮಾಹಿತಿ ಒದಗಿಸಿದವು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್ನೆಟ್ ಅಗ್ಗವಾದ ಮೇಲೆ ಚಿತ್ರ ಬದಲಾಯಿತು. ‘ವೇರ್ ಈಸ್ ಮೈ ಟ್ರೇನ್’ ಆ್ಯಪನ್ನು ಕಟ್ಟಿದ್ದು ಬೆಂಗಳೂರಿನ ಸಿಗ್ಮಾಯ್ಡ್ ಲ್ಯಾಬ್ಸ್. 2018ರ ಡಿಸೆಂಬರಿನಲ್ಲಿ ಗೂಗಲ್ ಅದನ್ನು ಕೊಂಡಿತು. ಗಾಡಿಯಲ್ಲಿ ಕುಳಿತವರಿಗೆ ಅದು ಮೊಬೈಲ್ ಗೋಪುರಗಳ ಗುರುತಿನಿಂದಲೇ, ಇಂಟರ್ನೆಟ್ ಇಲ್ಲದೆಯೂ, ಜಾಗ ತೋರಿಸುತ್ತದೆ; ವೇಳಾಪಟ್ಟಿ ಫೋನಿನೊಳಗೇ ಇರುತ್ತದೆ. ಎಸ್‌ಎಂಎಸ್ ಸೇವೆಯ ನಿಜವಾದ ವಾರಸುದಾರ ಇದೇ ಎನ್ನಬೇಕು, ಏಕೆಂದರೆ ಇಂಟರ್ನೆಟ್ ಸಿಗದ ಕಡೆಯ ಪ್ರಯಾಣಿಕನನ್ನು ಎರಡೂ ಮನಸ್ಸಿನಲ್ಲಿಟ್ಟುಕೊಂಡಿದ್ದವು.

139 ಮಾತ್ರ ಅಳಿಯಲಿಲ್ಲ. 2020ರಲ್ಲಿ ರೈಲ್ವೆ ತನ್ನ ಬೇರೆ ಬೇರೆ ಸಹಾಯವಾಣಿಗಳನ್ನು ಇದರಲ್ಲಿ ವಿಲೀನ ಮಾಡಿತು. ಭದ್ರತೆಯ 182 ಕೂಡ 2021ರ ಏಪ್ರಿಲ್ 1ರಿಂದ ಇದರಲ್ಲಿ ಸೇರಿತು. ಆ ವರ್ಷ ರೈಲ್ವೆ ಹೇಳಿದಂತೆ ದಿನಕ್ಕೆ ಸರಾಸರಿ 3.4 ಲಕ್ಷಕ್ಕೂ ಹೆಚ್ಚು ಕರೆ ಮತ್ತು ಸಂದೇಶಗಳು ಈ ಸಂಖ್ಯೆಗೆ ಬರುತ್ತಿದ್ದವು.

ಹಳಿ ಬಂದ ಮೇಲೆ

ಸಂದೇಶದ ಕಾಲ ಇಳಿಯುತ್ತಿದ್ದಾಗ ರೈಲೇ ಊರಿಗೆ ಬಂತು. 1997–98ರಲ್ಲಿ ಮಂಜೂರಾದ ಮುನಿರಾಬಾದ್–ಮಹಬೂಬನಗರ ಮಾರ್ಗ ಗಂಗಾವತಿ, ಕಾರಟಗಿ ದಾಟಿ ಸಿಂಧನೂರು ಮುಟ್ಟಲು ಕಾಲು ಶತಮಾನ ಹಿಡಿಯಿತು. ಪ್ರಯಾಣಿಕರ ಗಾಡಿಗಳು ಅಲ್ಲಿಂದ ಓಡತೊಡಗಿದ್ದು 2024ರಲ್ಲಿ. ಹುಬ್ಬಳ್ಳಿಗೂ ಬೆಂಗಳೂರಿನ ಯಶವಂತಪುರಕ್ಕೂ ಈಗ ಸಿಂಧನೂರಿನಿಂದಲೇ ಹತ್ತಬಹುದು. ಲಿಂಗಸುಗೂರಿನ ಮೇಲೆ ಹಾಯಬೇಕಾದ ಗದಗ–ವಾಡಿ ಮಾರ್ಗ 2013–14ರಲ್ಲಿ ಮಂಜೂರಾಗಿ, 2025ರ ಮೇ ತಿಂಗಳಲ್ಲಿ ಕುಷ್ಟಗಿಯವರೆಗೆ ತೆರೆಯಿತು. ಮಸ್ಕಿಯವರಿಗೆ ಸಿಂಧನೂರೇ ಹತ್ತಿರದ ನಿಲ್ದಾಣವಾಗಿದೆ.

ಗುಂಡಿ ಒತ್ತುವ ಸಾದಾ ಫೋನು ಈ ತಾಲ್ಲೂಕುಗಳಲ್ಲಿ ಇನ್ನೂ ಬಳಕೆಯಲ್ಲಿದೆ, ಹೆಚ್ಚಾಗಿ ವಯಸ್ಸಾದವರ ಮತ್ತು ಕೂಲಿಗೆ ಹೋಗುವವರ ಕೈಯಲ್ಲಿ. ಆ ಫೋನಿಗೆ ಆ್ಯಪ್ ಹಿಡಿಸುವುದಿಲ್ಲ, ಸಂದೇಶ ಹಿಡಿಸುತ್ತದೆ. ಇವತ್ತಿನ ಫೋನುಗಳು ಕನ್ನಡವನ್ನು ಸರಿಯಾಗಿ ತೋರಿಸುವುದರಿಂದ ಹಳೆಯ ನೆಪವೂ ಉಳಿದಿಲ್ಲ. ರೈಲ್ವೆ ಇಲಾಖೆ ಈ ಸೇವೆಯನ್ನು ಕೈಬಿಡದೆ, 139ರ ಸಂದೇಶಕ್ಕೆ ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲೇ ಉತ್ತರ ಬರುವಂತೆ ಮಾಡಬೇಕು, ಮತ್ತು ಹೊಸದಾಗಿ ತೆರೆದ ಸಿಂಧನೂರಿನಂಥ ನಿಲ್ದಾಣಗಳ ಗೋಡೆಯ ಮೇಲೆ ಅದನ್ನು ಕೇಳುವ ಕ್ರಮವನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಸಬೇಕು.