ಬಿಳಿಚೋಡಿನ ಕೀಲುನೋವು ಮತ್ತು ಯೂರಿಕ್ ಆಮ್ಲದ ಪರೀಕ್ಷೆ

ಕೀಲು ಹಿಡಿದು ನೋಯುವ ಬೇನೆಗಳನ್ನೆಲ್ಲ 'ವಾಯು' ಎಂಬ ಒಂದೇ ಮಾತಿನಲ್ಲಿ ಹೇಳುವ ರೂಢಿ ಕನ್ನಡನಾಡಿನ ಹಳ್ಳಿಗಳಲ್ಲಿ ಹಳೆಯದು. ಆಯುರ್ವೇದ ಮಾತ್ರ ಇವುಗಳೊಳಗೆ ಭೇದವೆಣಿಸಿತ್ತು: ಚರಕಸಂಹಿತೆಯ ಚಿಕಿತ್ಸಾಸ್ಥಾನವು 29ನೆಯ ಅಧ್ಯಾಯವನ್ನು ವಾತರಕ್ತಕ್ಕೆ ಮೀಸಲಿಟ್ಟು, ಇಂದಿನ ಗೌಟ್‌ಗೆ ಬಹುಮಟ್ಟಿಗೆ ಹೋಲುವ ಈ ರೋಗಕ್ಕೆ ಆಢ್ಯವಾತ, ಅಂದರೆ ಉಳ್ಳವರ ವಾತ, ಎಂಬ ಹೆಸರನ್ನೂ ಹೇಳುತ್ತದೆ. ರಕ್ತ ಕೆಟ್ಟಿದೆಯೆಂಬ ಊಹೆ ವಾತರಕ್ತವೆಂಬ ಹೆಸರಿನಲ್ಲಿಯೇ ಇದ್ದರೂ, ಅದರಲ್ಲಿ ಹೆಚ್ಚಾದದ್ದೇನೆಂದು ಕಣ್ಣಾರೆ ಕಾಣಲು 19ನೆಯ ಶತಮಾನದವರೆಗೆ ಕಾಯಬೇಕಾಯಿತು.

1776ರಲ್ಲಿ ರಸಾಯನಶಾಸ್ತ್ರಜ್ಞ ಷೀಲೆ ಮೂತ್ರಕೋಶದ ಕಲ್ಲಿನಲ್ಲಿ ಯೂರಿಕ್ ಆಮ್ಲವನ್ನು ಕಂಡುಹಿಡಿದಿದ್ದನು. ಜೀವಕೋಶಗಳಲ್ಲಿಯೂ ಆಹಾರದಲ್ಲಿಯೂ ಇರುವ ಪ್ಯೂರಿನ್ ಎಂಬ ವಸ್ತು ಒಡೆದಾಗ ಉಳಿಯುವ ಕಸವಿದು. ಗೌಟ್ ರೋಗಿಯ ರಕ್ತದಲ್ಲಿ ಇದು ಮಿತಿಮೀರಿರುವುದನ್ನು 1848ರಲ್ಲಿ ತೋರಿಸಿದ ಲಂಡನ್ನಿನ ವೈದ್ಯ ಆಲ್‌ಫ್ರೆಡ್ ಗ್ಯಾರಡ್, 1854ರಲ್ಲಿ ಯಾವ ವೈದ್ಯನೂ ಮಾಡಬಹುದಾದ ಪರೀಕ್ಷೆಯೊಂದನ್ನು ಕೊಟ್ಟನು. ರಕ್ತ ಹೆಪ್ಪುಗಟ್ಟಿದ ಮೇಲೆ ತಿಳಿಯಾಗಿ ನಿಲ್ಲುವ ಸೀರಮ್ಮನ್ನು ಚಪ್ಪಟೆ ಗಾಜಿನ ಬಟ್ಟಲಿಗೆ ಹಾಕಿ, ಕೆಲವು ಹನಿ ಅಸಿಟಿಕ್ ಆಮ್ಲ ಬೆರೆಸಿ, ನಾರಿನ ಎಳೆಯೊಂದನ್ನು ಅದರಲ್ಲಿ ಮುಳುಗಿಸಿಟ್ಟರೆ, ಒಂದೆರಡು ದಿನಗಳಲ್ಲಿ ದಾರಕ್ಕೆ ಕಲ್ಲುಸಕ್ಕರೆ ಕಟ್ಟಿದಂತೆ ಆ ಎಳೆಗೆ ಯೂರಿಕ್ ಆಮ್ಲದ ಹರಳುಗಳು ಕಟ್ಟುತ್ತಿದ್ದವು. ಇಷ್ಟು ಸರಳವೂ ಸುಂದರವೂ ಆದ ಪರೀಕ್ಷೆ ವೈದ್ಯಚರಿತ್ರೆಯಲ್ಲಿ ವಿರಳ.

ಎಷ್ಟು ಹೆಚ್ಚು ಎಂಬುದನ್ನು ದಾರ ಹೇಳುತ್ತಿರಲಿಲ್ಲ. ಆ ಲೆಕ್ಕ 1912ರ ಹೊತ್ತಿಗೆ ಹಾರ್ವರ್ಡಿನಲ್ಲಿ ಓಟೋ ಫೋಲಿನ್ ರೂಪಿಸಿದ ವಿಧಾನದಿಂದ ಸುಲಭವಾಯಿತು. ಯೂರಿಕ್ ಆಮ್ಲ ಹೆಚ್ಚಿದಷ್ಟೂ ಗಾಢವಾಗುವ ನೀಲಿಬಣ್ಣವನ್ನು ಅದು ಅಳೆಯುತ್ತಿತ್ತು. ಮುಂದೆ ಯೂರಿಕೇಸ್ ಎಂಬ ಕಿಣ್ವ ಬಳಕೆಗೆ ಬಂದು, ರಕ್ತದಲ್ಲಿನ ಬೇರೆ ವಸ್ತುಗಳಿಂದಾಗುತ್ತಿದ್ದ ತಪ್ಪು ಕಡಿಮೆಯಾಯಿತು. ದೇಹದ ಉಷ್ಣತೆಯಲ್ಲಿ ರಕ್ತದ ಯೂರಿಕ್ ಆಮ್ಲ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಅದರ ಲವಣವಾದ ಯೂರೇಟ್ ಹರಳುಗಟ್ಟತೊಡಗಬಹುದು; ಮೈಗಿಂತ ತಣ್ಣಗಿರುವ ಕಾಲಿನ ಹೆಬ್ಬೆರಳು ಮೊದಲು ಊದಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

1997ರಲ್ಲಿ ಚಿತ್ರದುರ್ಗದಿಂದ ಬೇರ್ಪಟ್ಟು ದಾವಣಗೆರೆ ಜಿಲ್ಲೆಗೆ ಸೇರಿದ ಜಗಳೂರು ತಾಲ್ಲೂಕಿನಲ್ಲಿ, ಅದರ ಹೋಬಳಿಯಾದ ಬಿಳಿಚೋಡಿನ ಕಡೆಯವರಿಗೆ, ಈ ಪರೀಕ್ಷೆಯ ಬೆಲೆ ಇನ್ನೊಂದು ಕಾರಣಕ್ಕೂ ಹೆಚ್ಚು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ಬಹುಕಾಲದ ಸಂಕಟ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಫ್ಲೋರೋಸಿಸ್ ಕಾಣಿಸಿಕೊಂಡು, ಬೆನ್ನು, ಕತ್ತು, ಮಂಡಿಗಳು ಬಿಗಿಯಬಹುದು. ಹೊರನೋಟಕ್ಕೆ ಅದೂ 'ವಾಯು'ವೇ. ಯೂರಿಕ್ ಆಮ್ಲ ಮಿತಿಯಲ್ಲಿದೆಯೆಂಬ ವರದಿ ಅಂಥವರ ನೋವನ್ನು ಅಲ್ಲಗಳೆಯುವುದಿಲ್ಲ. ರಕ್ತದ ನಳಿಕೆಯಾದ ಮೇಲೆ ಅವರ ಮನೆಯ ಕೊಡದ ನೀರೂ ಪ್ರಯೋಗಾಲಯಕ್ಕೆ ಹೋಗಬೇಕಾಗುತ್ತದೆ.