ಸಾವಿರ ಬೀಡಿಗೆ ಐದು ರೂಪಾಯಿ

ಪುತ್ತೂರು, ಸುಳ್ಯ, ಈ ಎರಡರ ಗ್ರಾಮಗಳನ್ನು ಕೂಡಿಸಿ ಈಚೆಗೆ ತಾಲೂಕಾದ ಕಡಬ, ಈ ಸೀಮೆಯನ್ನು ಹೊರಗಿನವರು ಅಡಿಕೆಯ ನಾಡೆಂದೇ ಬಲ್ಲರು. ಆದರೆ ತೋಟದ ಬೇಲಿಯಾಚೆ, ತೋಟವಿಲ್ಲದವರ ಮನೆಯ ಜಗಲಿಯಲ್ಲಿ ಇನ್ನೊಂದು ಕಸುಬು ತಲೆಮಾರುಗಳಿಂದ ನಡೆದುಬಂದಿದೆ. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ ಮತ್ತು ಹೊಗೆಸೊಪ್ಪಿನ ಹುಡಿ, ಬೆರಳಿನಲ್ಲಿ ನೂಲು: ಬೀಡಿ ಕಟ್ಟುವ ಹೆಂಗಸನ್ನು ಕಾಣದೆ ಈ ಕಡೆಯ ಹಳ್ಳಿಗಳನ್ನು ದಾಟುವುದು ಬಹುಕಾಲ ಸಾಧ್ಯವಿರಲಿಲ್ಲ. ಅವಳ ಚರಿತ್ರೆ ದೊಡ್ಡದು. ಅದರಲ್ಲಿ ಒಂದೇ ಪ್ರಶ್ನೆಯನ್ನು ನಾನಿಲ್ಲಿ ಎತ್ತಿಕೊಂಡಿದ್ದೇನೆ. ಅವಳು ಕಾಯಿಲೆ ಬಿದ್ದರೆ ಆ ಖರ್ಚು ಯಾರದು?

ಈ ಪ್ರಶ್ನೆ ಈಗ ದೊಡ್ಡ ದೇಶಗಳಲ್ಲಿಯೂ ಎದ್ದಿದೆ. ಅಮೆರಿಕೆಯಲ್ಲಿ ೨೦೨೦ರ ಜನವರಿಯಿಂದ ಮಾಲಿಕರಿಗೆ ಹೊಸದೊಂದು ದಾರಿ ತೆರೆಯಿತು. ಕೆಲಸಗಾರರೆಲ್ಲರಿಗೂ ಒಟ್ಟಾಗಿ ಆರೋಗ್ಯ ವಿಮೆ ಮಾಡಿಸುವ ಬದಲು, ಒಬ್ಬೊಬ್ಬರಿಗೆ ಇಂತಿಷ್ಟು ಹಣವೆಂದು ಗೊತ್ತುಮಾಡಿ, ವಿಮೆಯನ್ನು ಅವರವರೇ ಕೊಂಡುಕೊಳ್ಳಲಿ ಎಂದು ಬಿಟ್ಟುಬಿಡಬಹುದು. ಇದನ್ನು ಹೊಸ ಕಾಲದ ಉಪಾಯವೆಂದು ಹೊಗಳುವವರಿದ್ದಾರೆ. ಆದರೆ ಮಾಲಿಕನು ಚಿಕಿತ್ಸೆಯ ಹೊಣೆಯನ್ನು ಕಳಚಿ, ಅದರ ಜಾಗದಲ್ಲಿ ನಿಗದಿಯಾದ ಮೊಬಲಗೊಂದನ್ನು ಇಡುವ ಕ್ರಮಕ್ಕೆ ನಮ್ಮ ಸೀಮೆಯಲ್ಲಿಯೇ ಹಳೆಯ ಉದಾಹರಣೆಯುಂಟು.

ಹೊಣೆ ಎಂದರೆ ಏನು, ಹಣ ಎಂದರೆ ಏನು ಎಂಬುದನ್ನು ಮೊದಲು ಬಿಡಿಸಿಕೊಳ್ಳೋಣ. ೧೯೪೮ರ ನೌಕರರ ರಾಜ್ಯ ವಿಮಾ ಕಾಯಿದೆ ೧೯೫೨ರ ಫೆಬ್ರವರಿ ೨೪ರಂದು ಕಾನ್ಪುರ ಮತ್ತು ದಿಲ್ಲಿಗಳಲ್ಲಿ ಕಾರ್ಯರೂಪಕ್ಕೆ ಬಂತು. ಅಲ್ಲಿ ಮಾಲಿಕನೂ ಕಾರ್ಮಿಕನೂ ಸಂಬಳದ ಇಂತಿಷ್ಟು ಪಾಲನ್ನು ಕಟ್ಟುತ್ತಾರೆ. ಕಟ್ಟುವುದಕ್ಕೆ ಮಿತಿಯುಂಟು; ಆದರೆ ಸಿಗುವ ಚಿಕಿತ್ಸೆಯನ್ನು ಕಟ್ಟಿದ ಹಣದಿಂದ ಅಳೆಯುವುದಿಲ್ಲ. ೧೯೫೧ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆಯದು ಇನ್ನೂ ನೇರವಾದ ಮಾರ್ಗ. ಕಾರ್ಮಿಕರಿಗೂ ಅವರ ಕುಟುಂಬಕ್ಕೂ ವೈದ್ಯಕೀಯ ಸೌಲಭ್ಯವನ್ನು ತೋಟದ ಮಾಲಿಕನೇ ಒದಗಿಸಬೇಕು. ೧೯೬೪ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಬಳಿಕ ಲಂಕೆಯಿಂದ ಬಂದ ತಮಿಳು ಕುಟುಂಬಗಳು ಸುಳ್ಯ, ಪುತ್ತೂರುಗಳ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆಸಿದುದು ವಾಚಕರಿಗೆ ತಿಳಿದಿರಬಹುದು. ರಬ್ಬರ್ ಹಾಲು ತೆಗೆಯುವವನ ಕಾಯಿಲೆ ತೋಟದ ಲೆಕ್ಕಕ್ಕೆ ಸೇರಿದ್ದು. ಅದೇ ಗುಡ್ಡದ ತಪ್ಪಲಲ್ಲಿ ಬೀಡಿ ಕಟ್ಟುವವಳ ಕಾಯಿಲೆ ಯಾವ ಲೆಕ್ಕಕ್ಕೂ ಸೇರಿರಲಿಲ್ಲ.

ಕಾರಣ ಸರಳ. ಅವಳಿಗೆ ಮಾಲಿಕನೇ ಇಲ್ಲವೆಂಬುದು ಮಾಲಿಕರ ವಾದ. ಊರಿನ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು, ಮನೆಯಲ್ಲಿ ಕಟ್ಟಿ, ಮರಳಿ ಬ್ರಾಂಚಿಗೆ ಒಪ್ಪಿಸಿದರೆ ಸಾವಿರದ ಲೆಕ್ಕದಲ್ಲಿ ಮಜೂರಿ. ಬ್ರಾಂಚು ಕಂಟ್ರಾಕ್ಟುದಾರನದು, ಕಂಪೆನಿ ಎಲ್ಲೋ ಮಂಗಳೂರಿನಲ್ಲಿ. ೧೯೬೬ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಈ ಪರದೆಯನ್ನು ಸರಿಸಹೊರಟಿತು. ಮನೆಯಲ್ಲಿ ಕಟ್ಟುವವಳೂ ಕಾರ್ಮಿಕಳೇ, ಮಧ್ಯೆ ಯಾರಿದ್ದರೂ ಮೂಲ ಮಾಲಿಕನಿಗೆ ಜವಾಬ್ದಾರಿಯುಂಟು ಎಂದಿತು. ಕೇರಳದಲ್ಲಿ ಅದನ್ನು ಜಾರಿಗೆ ತಂದಾಗ, ೧೯೬೮ರಲ್ಲಿ, ಮಂಗಳೂರಿನ ಬೀಡಿ ಕಂಪೆನಿ ಕಣ್ಣೂರಿನ ಕಡೆಯ ಕೆಲಸವನ್ನೇ ನಿಲ್ಲಿಸಿತು. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಆ ಸಂಕಟದಿಂದಲೇ ೧೯೬೯ರಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಹುಟ್ಟಿತು. ಕಾಯಿದೆಯನ್ನು ಪ್ರಶ್ನಿಸಿ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮೊದಲಾದವರು ಹೂಡಿದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ೧೯೭೪ರಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು.

ಹೀಗೆ ಎಂಟು ವರ್ಷಗಳ ಜಗ್ಗಾಟದ ಕೊನೆಗೆ ಬೀಡಿ ಕಟ್ಟುವವಳಿಗೆ ಒಬ್ಬ ಮಾಲಿಕ ದೊರೆತನು. ರಜೆ ದೊರೆಯಿತು, ಹೆರಿಗೆ ಭತ್ಯೆ ದೊರೆಯಿತು. ಆದರೆ ಮನೆಯಲ್ಲಿ ಕಟ್ಟುವವಳಿಗೆ ಮದ್ದು ಮಾಡಿಸುವ ಹೊಣೆ ಆ ಕಾಯಿದೆಯಲ್ಲಿ ಇರಲಿಲ್ಲ.

ಅದಕ್ಕೆಂದು ಬಂದವು ೧೯೭೬ರ ಎರಡು ಕಾಯಿದೆಗಳು. ಒಂದು ಸೆಸ್ಸು ಎತ್ತುವುದಕ್ಕೆ, ಇನ್ನೊಂದು ಆ ಹಣದಿಂದ ಕಲ್ಯಾಣ ನಿಧಿ ನಡೆಸುವುದಕ್ಕೆ. ಸೆಸ್ಸು ಮೊದಲು ಬೀಡಿಗೆ ಹೋಗುವ ತಂಬಾಕಿನ ಮೇಲಿತ್ತು. ಆಮೇಲೆ ಬೀಡಿಯ ಮೇಲೆಯೇ ಬಂತು. ಕೊನೆಗೆ ಸಾವಿರ ಬೀಡಿಗೆ ಐದು ರೂಪಾಯಿ ಎಂದು ನಿಂತಿತು. ಇದನ್ನು ಕಟ್ಟಿದಲ್ಲಿಗೆ ಮಾಲಿಕನ ಲೆಕ್ಕ ಚುಕ್ತಾ.

ಈ ಐದು ರೂಪಾಯಿಯ ತೂಕವನ್ನು ನೋಡೋಣ. ಒಬ್ಬಳು ದಿನಕ್ಕೆ ಆರುನೂರು ಬೀಡಿಯಂತೆ ವರ್ಷದಲ್ಲಿ ಮುನ್ನೂರು ದಿನ ಕಟ್ಟಿದಳೆನ್ನಿ. ಒಟ್ಟು ಒಂದು ಲಕ್ಷ ಎಂಬತ್ತು ಸಾವಿರ ಬೀಡಿ. ಸೆಸ್ಸು ಒಂಬೈನೂರು ರೂಪಾಯಿ. ತಿಂಗಳಿಗೆ ಎಪ್ಪತ್ತೈದು. ಇದನ್ನು ಅವಳ ಕೈಗೇ ಕೊಟ್ಟು, ನಿನ್ನ ಆರೋಗ್ಯವನ್ನು ನೀನೇ ನೋಡಿಕೋ ಎಂದಿದ್ದರೆ ಅದು ಒಂದು ಜ್ವರಕ್ಕೂ ಸಾಲುತ್ತಿರಲಿಲ್ಲ. ನಿಧಿಯಲ್ಲಿ ಎಲ್ಲರದೂ ಒಂದಾಗಿ ಸೇರಿದ್ದರಿಂದ, ಕಾಯಿಲೆ ಬೀಳದ ನೂರು ಮಂದಿಯ ಪಾಲು ಬಿದ್ದವಳೊಬ್ಬಳಿಗೆ ಆಧಾರವಾಯಿತು. ಸೆಸ್ಸಿನ ದೊಡ್ಡ ಗುಣ ಇದು, ಇದನ್ನು ಒಪ್ಪಲೇಬೇಕು. ಔಷಧಾಲಯಗಳು ತೆರೆದವು, ಮೈಸೂರಿನಲ್ಲಿ ಆಸ್ಪತ್ರೆಯಾಯಿತು, ಮಕ್ಕಳಿಗೆ ವಿದ್ಯಾರ್ಥಿವೇತನ ಬಂತು. ಕಾರ್ಖಾನೆಯ ಮಾಡಿನ ಕೆಳಗೆ ದುಡಿಯದವರನ್ನು ಬೇರೆ ವ್ಯವಸ್ಥೆಗಳು ತಲಪುವ ಮೊದಲು ಇದು ತಲಪಿತು.

ದೋಷವೂ ಅಲ್ಲಿಯೇ ಇತ್ತು. ಬರುವ ಹಣ ನಿಗದಿಯಾದುದರಿಂದ ಕೊಡುವ ಹಣಕ್ಕೂ ಗೆರೆ ಬಿತ್ತು. ಹೃದಯದ ಕಾಯಿಲೆಗೆ ೧,೩೦,೦೦೦ ರೂಪಾಯಿಯವರೆಗೆ, ಮೂತ್ರಪಿಂಡದ ಕಸಿಗೆ ೨,೦೦,೦೦೦ ರೂಪಾಯಿಯವರೆಗೆ, ಸಣ್ಣ ಶಸ್ತ್ರಚಿಕಿತ್ಸೆಗೆ ೩೦,೦೦೦ ರೂಪಾಯಿಯವರೆಗೆ, ಕನ್ನಡಕಕ್ಕೆ ೩೦೦ ರೂಪಾಯಿ. ಗೆರೆ ದಾಟಿದ ಖರ್ಚು ಮನೆಯವರದೇ. ಅಷ್ಟಾದರೂ ಸಿಗಬೇಕಾದರೆ ಗುರುತಿನ ಚೀಟಿ ಬೇಕು. ಬ್ರಾಂಚಿನ ಪುಸ್ತಕದಲ್ಲಿ ಹೆಸರಿಲ್ಲದೆ, ನೆರೆಮನೆಯವಳ ಹೆಸರಿನಲ್ಲಿ ಕಟ್ಟಿ ಕೊಡುವವಳು ಎಷ್ಟು ವರ್ಷ ದುಡಿದರೂ ಕಾಗದದ ಮೇಲೆ ಕಾರ್ಮಿಕಳಲ್ಲ. ಇನ್ನು ಮೈಸೂರಿನ ಆಸ್ಪತ್ರೆ! ಸುಳ್ಯದ ರೋಗಿಯೊಬ್ಬಳು ಸಂಪಾಜೆ ಘಾಟಿ ಹತ್ತಿ, ಮಡಿಕೇರಿ ದಾಟಿ ಅಲ್ಲಿಗೆ ತಲಪುವ ಹೊತ್ತಿಗೆ ಬಸ್ಸಿನ ಖರ್ಚು, ಜೊತೆಗೆ ಬಂದವರ ಮಜೂರಿಯ ನಷ್ಟ, ಇವೆಲ್ಲ ಯಾವ ನಿಧಿಯ ಪಟ್ಟಿಯಲ್ಲಿಯೂ ಇಲ್ಲ.

೨೦೧೭ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಈ ಸೆಸ್ಸೂ ರದ್ದಾಯಿತು. ಯೋಜನೆಗಳನ್ನು ಸರಕಾರ ತನ್ನ ಆಯವ್ಯಯದಿಂದ ನಡೆಸತೊಡಗಿತು. ಮರುವರ್ಷ, ೨೦೧೮ರಲ್ಲಿ, ಕರ್ನಾಟಕದ ಆರೋಗ್ಯ ಯೋಜನೆಯೂ ಕೇಂದ್ರದ ಆಯುಷ್ಮಾನ್ ಭಾರತವೂ ಒಂದಾಗಿ, ಬಡ ಕುಟುಂಬಗಳಿಗೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ದೊರೆಯುವಂತಾಯಿತು. ಗೆರೆ ಮೇಲಕ್ಕೆ ಸರಿದುದು ನಿಜ, ಸಂತೋಷವೇ. ಆದರೆ ಹಳೆಯ ಐದು ರೂಪಾಯಿಯಲ್ಲಿ ಒಂದು ಒಪ್ಪಿಗೆಯಿತ್ತು: ಈ ಹೊಗೆಸೊಪ್ಪಿನ ಹುಡಿಯನ್ನು ದಿನವಿಡೀ ಉಸಿರಾಡುವವಳ ಎದೆಗೂ ಈ ವ್ಯಾಪಾರಕ್ಕೂ ಸಂಬಂಧವುಂಟು ಎಂಬ ಒಪ್ಪಿಗೆ. ಈ ಹೊಸ ಯೋಜನೆಯಲ್ಲಿ ಅವಳು ಬಡವಳೆಂದು ಚಿಕಿತ್ಸೆ ಪಡೆಯುತ್ತಾಳೆ, ಬೀಡಿ ಕಟ್ಟಿದವಳೆಂದಲ್ಲ. ಮೊದಲು ಹೊಣೆ ಹಣವಾಯಿತು. ಬಳಿಕ ಆ ಹಣದ ಮೇಲಿದ್ದ ಬೀಡಿಯ ಹೆಸರೂ ಅಳಿಸಿತು.

೧೯೫೧ರ ಮತ್ತು ೧೯೬೬ರ ಕಾಯಿದೆಗಳೆರಡೂ ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಲೀನವಾಗಿವೆ. ಮುಂದೆ ಎಂತಹ ನಿಯಮಗಳು ಬಂದರೂ ನಾನು ಹೇಳುವುದಿಷ್ಟೆ. ನಿಗದಿಯಾದ ಹಣವನ್ನು ಯಾರಾದರೂ ಮುಂದಿಟ್ಟಾಗ ಮೊತ್ತ ಎಷ್ಟೆಂದು ಕೇಳಿದರೆ ಸಾಲದು. ಅದು ಎಲ್ಲರಿಗೂ ಸೇರಿದ ನಿಧಿಗೆ ಹೋಗುತ್ತದೆಯೇ, ಒಬ್ಬೊಬ್ಬರ ಕೈಗೆ ಬಂದು ಅಲ್ಲಿಯೇ ಕರಗುತ್ತದೆಯೇ? ನಾಳೆ ಆಸ್ಪತ್ರೆಯ ದರ ಏರಿದರೆ ಆ ಏರಿಕೆಯನ್ನು ಹೊರುವವರು ಯಾರು? ಬೀಡಿಯ ಮಜೂರಿಗಾಗಿ ಚೌಕಾಶಿ ಮಾಡಬಲ್ಲ ಹೆಂಗಸು ಕಾಯಿಲೆಯೊಡನೆ ಚೌಕಾಶಿ ಮಾಡಲಾರಳು. ಈ ಎರಡು ಪ್ರಶ್ನೆಗಳನ್ನು ಅವಳ ಪರವಾಗಿ ಮೊದಲೇ ಕೇಳಿಟ್ಟುಕೊಳ್ಳುವುದು ಉಳಿದವರ ಕೆಲಸ.